ಎಂಜಿನ್ ನಿಂತ ಮೇಲೂ ದಡ ಸೇರಿಸುವ ದೋಣಿ

ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ‘ತಾರಿಣಿ’ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ 2025ರ ಮೇ ಕೊನೆಯಲ್ಲಿ ಗೋವಾಕ್ಕೆ ಮರಳಿದ ಮೇಲೆ, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಹೆಚ್ಚಾಗಿದೆ. ಕೇಳುವವರಲ್ಲಿ ಹೆಚ್ಚಿನವರು ಹಾಲೆಂಡ್, ಇಂಗ್ಲೆಂಡ್ ಕಡೆ ನೆಲೆಸಿ ನಿವೃತ್ತಿಯ ಹೊಸ್ತಿಲಿಗೆ ಬಂದಿರುವ ಕನ್ನಡಿಗರು. ಅಲ್ಲಿ ರಜಾದಿನಗಳಲ್ಲಿ ದೋಣಿ ನಡೆಸಲು ಕಲಿತವರು, ಒಮ್ಮೆಯಾದರೂ ಅಟ್ಲಾಂಟಿಕ್ ದಾಟಬೇಕೆಂಬ ಆಸೆ ಇಟ್ಟುಕೊಂಡವರು. ‘ತಾರಿಣಿಯ ಹೆಣ್ಣುಮಕ್ಕಳ ಕಸುವು ನಮಗಿಲ್ಲ. ಹಾಯಿಯೂ ಇರುವ, ಗಟ್ಟಿ ಎಂಜಿನ್ನೂ ಇರುವ ಮೋಟಾರ್‌ಸೇಲರ್ ಕೊಂಡರೆ ಗಂಡ ಹೆಂಡತಿ ಇಬ್ಬರೇ ಸಾಗರ ದಾಟಬಹುದೇ? ಯಾವುದನ್ನು ಕೊಳ್ಳೋಣ?’ ಎಂಬುದು ಆ ಪತ್ರಗಳ ತಾತ್ಪರ್ಯ.

ದಾಟಬಹುದು. ಆದರೆ ಆ ಹೆಸರು ಹೊತ್ತ ಎಲ್ಲ ದೋಣಿಯಲ್ಲೂ ಅಲ್ಲ. ಇಂದು ದೂರ ಹೋಗುವ ಬಹುತೇಕ ಹಾಯಿದೋಣಿಗಳಿಗೂ ಸಣ್ಣದೊಂದು ಡೀಸೆಲ್ ಎಂಜಿನ್ ಇರುತ್ತದೆ. ಬಂದರಿನ ಒಳಗೆ ಹೊರಗೆ ಓಡಾಡಲು, ಬ್ಯಾಟರಿ ತುಂಬಲು ಅದು ಬೇಕು. ಮೋಟಾರ್‌ಸೇಲರ್‌ನಲ್ಲಿ ಎಂಜಿನ್ನಿಗೆ ಇನ್ನೂ ದೊಡ್ಡ ಪಾಲು. ದೋಣಿಯ ಗಾತ್ರಕ್ಕೆ ತಕ್ಕ ದೊಡ್ಡ ಎಂಜಿನ್, ದೊಡ್ಡ ಡೀಸೆಲ್ ಟ್ಯಾಂಕ್, ಮಳೆಗಾಳಿ ತಾಗದಂತೆ ಗಾಜು ಹಾಕಿದ ವೀಲ್‌ಹೌಸ್, ಅದರೊಳಗೊಂದು ಚುಕ್ಕಾಣಿ, ಸ್ವಲ್ಪ ಗಿಡ್ಡನೆಯ ಕೂವೆಮರ. ಕೊಡುಕೊಳ್ಳುವವರು ಇವುಗಳನ್ನು ‘ಫಿಫ್ಟಿ–ಫಿಫ್ಟಿ’ ಎಂದು ಕರೆಯುತ್ತಾರೆ, ಹಾಯಿ ಅರ್ಧ, ಮೋಟಾರು ಅರ್ಧ ಎಂದು. ನೋಡುವಾಗ ನಿಮ್ಮ ಎಚ್ಚರ ಶುರುವಾಗಬೇಕಾದದ್ದು ಆ ಮಾತಿನಿಂದಲೇ. ಅನೇಕ ದೋಣಿಗಳಲ್ಲಿ ಹಾಯಿಯ ಪಾಲು ಅರ್ಧಕ್ಕಿಂತ ಬಹಳ ಕಡಿಮೆ ಇರುತ್ತದೆ.

ಹಡಗಿನ ಎಂಜಿನ್ ಕೋಣೆಯಲ್ಲೇ ವೃತ್ತಿ ಕಳೆದವನು ನಾನು. ಡೀಸೆಲ್ ಎಂಜಿನ್ನಿನ ಮೇಲೆ ನನಗಿರುವ ಅಭಿಮಾನ ಸಣ್ಣದಲ್ಲ. ಹಾಗಿದ್ದೂ ನನ್ನ ಅಭಿಪ್ರಾಯ ಇದು: ಮಹಾಸಾಗರ ದಾಟಲು ಆರಿಸುವ ಮೋಟಾರ್‌ಸೇಲರ್, ಎಂಜಿನ್ ಪೂರ್ತಿ ಕೈಕೊಟ್ಟರೂ ಬರೀ ಹಾಯಿಯಲ್ಲಿ ಗುರಿ ಮುಟ್ಟುವಂತಿರಬೇಕು. ಎಂಜಿನ್ ಇರುವುದು ಗಾಳಿ ಸತ್ತ ಜಾಗಗಳನ್ನು ದಾಟಲು ಮತ್ತು ಎದುರುಗಾಳಿಯಲ್ಲಿ ಹಾಯಿಗೆ ಹೆಗಲು ಕೊಡಲು. ದೋಣಿಯ ಉದ್ದ, ಟ್ಯಾಂಕಿನ ಅಳತೆ, ವೀಲ್‌ಹೌಸಿನ ಅಂದಚೆಂದ ಎಲ್ಲವನ್ನೂ ಈ ಒಂದು ನಿಯಮದ ಕೆಳಗಿಟ್ಟು ನೋಡಬೇಕು.

ಮೊದಲು ಡೀಸೆಲ್ ಲೆಕ್ಕ. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಕುದುರೆಶಕ್ತಿ?’ ಎಂದು. ಕೇಳಬೇಕಾದದ್ದು ‘ಆರು ನಾಟ್ ವೇಗದಲ್ಲಿ ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತದೆ?’ ಎಂದು. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಗೆ ಅದರ ಉದ್ದವೇ ಒಂದು ವೇಗದ ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿ ಎಂದು ನೋಡಿ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 36 ಅಡಿಯ ದೋಣಿಗೆ ಅದು ಸುಮಾರು ಎಂಟು ನಾಟ್. ಅದಕ್ಕಿಂತ ಮುಂದೆ ಹೋಗಲು ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ, ಡೀಸೆಲ್ ಸುಮ್ಮನೆ ಉರಿದುಹೋಗುತ್ತದೆ. ಮಿತಿಗಿಂತ ಕೆಳಗೂ ಖರ್ಚು ವೇಗದ ಜೊತೆ ಒಂದೇ ಸಮನೆ ಏರುವುದಿಲ್ಲ. ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಜಿಗಿಯುತ್ತದೆ.

ಒಂದು ಉದಾಹರಣೆ ಹಾಕಿಕೊಳ್ಳೋಣ. 14 ಟನ್ ತೂಕದ, 600 ಲೀಟರ್ ಟ್ಯಾಂಕಿನ ಇಂಥ ಒಂದು ದೋಣಿ ಶಾಂತ ನೀರಿನಲ್ಲಿ ಆರು ನಾಟ್ ಓಡಲು ಅಂದಾಜು 20 ಕುದುರೆಶಕ್ತಿ ಸಾಕು, ಗಂಟೆಗೆ ಐದು ಲೀಟರ್ ಡೀಸೆಲ್. ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ 720 ನಾಟಿಕಲ್ ಮೈಲಿ ದಾಟಿರುತ್ತೀರಿ. ಅವಸರಪಟ್ಟು ಎಂಟು ನಾಟ್‌ಗೆ ಏರಿಸಿದರೆ ಗಂಟೆಗೆ 14 ಲೀಟರ್ ಬೇಡುತ್ತದೆ, 340 ಮೈಲಿಗೇ ಟ್ಯಾಂಕ್ ಬರಿದು. ತಾಳ್ಮೆಯಿಂದ ಐದು ನಾಟ್‌ಗೆ ಇಳಿಸಿ ಗಂಟೆಗೆ ಮೂರು ಲೀಟರ್‌ನಲ್ಲಿ ಹೋದರೆ ಸಾವಿರ ಮೈಲಿ. ಅದೇ ದೋಣಿ, ಅದೇ ಟ್ಯಾಂಕ್. ಹ್ಯಾಂಡಲ್ ಎಲ್ಲಿಟ್ಟಿದ್ದೀರಿ ಎಂಬುದರ ಮೇಲೆ ಮೂರು ಪಟ್ಟು ವ್ಯತ್ಯಾಸ. 120 ಕುದುರೆಶಕ್ತಿಯ ಎಂಜಿನ್ ಇದೆಯೆಂದು ಹೆಚ್ಚು ಹಣ ಕೊಡುವವರು, ಸಾಗರದ ನಡುವೆ ಅದರ ಆರನೇ ಒಂದು ಪಾಲನ್ನಷ್ಟೇ ಬಳಸುತ್ತಾರೆ. ಡೀಸೆಲ್ ಎಂಜಿನ್ನನ್ನು ಅಷ್ಟು ಹಗುರವಾಗಿ ದಿನಗಟ್ಟಲೆ ಓಡಿಸಿದರೆ ಒಳಗೆ ಕಾರ್ಬನ್ ಕಟ್ಟಿಕೊಳ್ಳುತ್ತದೆ. ನಮ್ಮ ಉದಾಹರಣೆಯ ದೋಣಿಗೆ 60 ಕುದುರೆಶಕ್ತಿ ಧಾರಾಳ.

ಈ ಲೆಕ್ಕವನ್ನು ನಕ್ಷೆಯ ಮೇಲಿಡಿ. ಯುರೋಪಿನಿಂದ ಅಮೆರಿಕದ ಕಡೆಗೆ ಹಾಯಿದೋಣಿಗಳು ಹೆಚ್ಚಾಗಿ ಹೋಗುವುದು ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ, ಸುಮಾರು 2,700 ನಾಟಿಕಲ್ ಮೈಲಿ. 1986ರಿಂದ ಪ್ರತಿ ನವೆಂಬರ್‌ನಲ್ಲಿ ‘ಆರ್ಕ್’ ಎಂಬ ಹೆಸರಿನಲ್ಲಿ ದೋಣಿಗಳ ದಂಡೇ ಲಾಸ್ ಪಾಲ್ಮಾಸ್ ಬಿಡುತ್ತದೆ. ಆರು ನಾಟ್‌ನಲ್ಲಿ ಇದು ಹತ್ತೊಂಬತ್ತು ದಿನಗಳ ದಾರಿ. ಪೂರ್ತಿ ಮೋಟಾರಿನಲ್ಲೇ ಹೋಗುತ್ತೇನೆಂದರೆ 2,250 ಲೀಟರ್ ಡೀಸೆಲ್ ಬೇಕು, ಕಷ್ಟಕಾಲಕ್ಕೆಂದು ಇಡುವುದು ಬೇರೆ. ಅಷ್ಟು ಡೀಸೆಲ್ಲಿನ ತೂಕವೇ ಹತ್ತಿರ ಹತ್ತಿರ ಎರಡು ಟನ್. 14 ಟನ್ನಿನ ದೋಣಿಗೆ ಇದನ್ನು ಹೇರಿದರೆ ಹೊರಡುವಾಗ ಅದು ನೀರಲ್ಲಿ ಕುಸಿದು ಕೂತಿರುತ್ತದೆ. ಪುಣ್ಯಕ್ಕೆ ಆ ದಾರಿಯಲ್ಲಿ ಅಷ್ಟು ಹೊರುವ ಅಗತ್ಯವೇ ಇಲ್ಲ. ಈಶಾನ್ಯ ವಾಣಿಜ್ಯ ಮಾರುತ ಚಳಿಗಾಲದಲ್ಲಿ ಹಿಂದಿನಿಂದ ನೂಕುತ್ತಲೇ ಇರುತ್ತದೆ. ಕೆನರಿ ಬಿಟ್ಟ ಮೇಲೆ ಮಾರುತ ಸಿಗುವ ತನಕ ಒಂದೆರಡು ದಿನ, ನಡುವೆ ಗಾಳಿ ಬಿದ್ದುಹೋದರೆ ಇನ್ನೊಂದೆರಡು ದಿನ ಎಂಜಿನ್ ಓಡಿಸಿದರೆ ಆಯಿತು. 600 ಲೀಟರ್‌ನಲ್ಲಿ ಕಾಲು ಭಾಗವನ್ನು ಮುಟ್ಟದೆ ಇಟ್ಟರೂ ಅದಕ್ಕೆ ಸಾಕಾಗುತ್ತದೆ.

ಪೆಸಿಫಿಕ್ ಕಡೆ ಹೋಗುವವರ ಲೆಕ್ಕ ಬೇರೆ. ಪನಾಮಾದಿಂದ ಗಲಾಪಗೋಸ್ ದ್ವೀಪಗಳಿಗೆ ಸುಮಾರು 900 ಮೈಲಿ. ಸಮಭಾಜಕ ವೃತ್ತದ ಶಾಂತವಲಯ ಅಲ್ಲೇ ಹರಡಿಕೊಂಡಿರುತ್ತದೆ. ಬರೀ ಹಾಯಿಯನ್ನು ನಂಬಿದ ದೋಣಿಗಳು ಅಲ್ಲಿ ದಿನಗಟ್ಟಲೆ ಕಾಯುತ್ತಾ ಬಿದ್ದಿರುತ್ತವೆ. ಮೋಟಾರ್‌ಸೇಲರ್ ಕೊಂಡದ್ದು ಸಾರ್ಥಕ ಎನಿಸುವುದು ಇಂಥ ಕಡೆ. ಅಲ್ಲಿಂದ ಮುಂದೆ ಮಾರ್ಕೇಸಸ್‌ಗೆ ಇರುವ 3,000 ಮೈಲಿಯಲ್ಲಿ ಆಗ್ನೇಯ ಮಾರುತ ಮತ್ತೆ ಕೈ ಹಿಡಿಯುತ್ತದೆ. ಹಾಗಾಗಿ ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಸಾಗರದ ಅಗಲದಿಂದ ಅಳೆಯಬೇಡಿ. ನೀವು ಹೋಗುವ ದಾರಿಯಲ್ಲಿ ಗಾಳಿಯಿಲ್ಲದ ತುಂಡು ಎಷ್ಟು ಉದ್ದ ಎಂದು ನೋಡಿ, ಅದನ್ನು ಐದು ನಾಟ್‌ನಲ್ಲಿ ದಾಟಲು ಬೇಕಾದಷ್ಟು, ಅದರ ಮೇಲೊಂದು ಕಾಲು ಪಾಲು. ಇಷ್ಟಿದ್ದರೆ ಸರಿ.

ಇಷ್ಟು ಚೆನ್ನಾಗಿ ಕೆಲಸ ಮಾಡುವ ಎಂಜಿನ್ನನ್ನು ಪೂರ್ತಿ ನಂಬಬಾರದೇಕೆ? ಹಡಗಿನ ಎಂಜಿನ್ ಕೋಣೆಯಲ್ಲಿ ನಾಲ್ಕು ಕೈ ಇರುತ್ತಿದ್ದವು, ಬಿಡಿಭಾಗಗಳ ಉಗ್ರಾಣ ಇರುತ್ತಿತ್ತು, ಇಂಧನವನ್ನು ಶುದ್ಧ ಮಾಡಲು ಬೇರೆ ಯಂತ್ರವೇ ಇರುತ್ತಿತ್ತು. ಸಣ್ಣ ದೋಣಿಯಲ್ಲಿ ಇದಾವುದೂ ಇಲ್ಲ. ಲಾಸ್ ಪಾಲ್ಮಾಸ್‌ಗೆ ನಮ್ಮ ಹಡಗು ಇಂಧನ ತುಂಬಿಸಲು ಹೋದಾಗ ಬಿಡುವು ಸಿಕ್ಕರೆ ನಾನು ಪಕ್ಕದ ಯಾಟ್ ಬಂದರಿಗೆ ನಡೆದುಹೋಗುತ್ತಿದ್ದೆ. ಅಲ್ಲೊಮ್ಮೆ ವಯಸ್ಸಾದ ಡಚ್ ದಂಪತಿಯ ಮೋಟಾರ್‌ಸೇಲರ್ ಒಂದನ್ನು ಇನ್ನೊಂದು ದೋಣಿ ಎಳೆದು ತಂದು ಕಟ್ಟಿತ್ತು. ನಾನು ಎಂಜಿನಿಯರ್ ಎಂದು ತಿಳಿದು ಆಕೆ ಒಳಗೆ ಕರೆದರು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಡೀಸೆಲ್ ಫಿಲ್ಟರಿನ ಕೆಳಗೆ ಒಂದು ಗಾಜಿನ ಬಟ್ಟಲು ಇರುತ್ತದೆ, ಡೀಸೆಲ್ಲಿನಲ್ಲಿ ಬೆರೆತ ನೀರು ತಳದಲ್ಲಿ ನಿಂತು ಕಣ್ಣಿಗೆ ಕಾಣಲೆಂದು. ಅದರೊಳಗೆ ಬೆರಳುದ್ದ ಕಪ್ಪು ಲೋಳೆ ತುಂಬಿತ್ತು. ಮೇಲಿನ ಕಾಗದದ ಫಿಲ್ಟರನ್ನು ಬಿಚ್ಚಿದರೆ ಅದೂ ಕಪ್ಪು, ಮುಟ್ಟಿದರೆ ಜಾರುತ್ತಿತ್ತು.

ಡೀಸೆಲ್ ಟ್ಯಾಂಕಿನ ತಳದಲ್ಲಿ ತೇವ ನಿಂತರೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬಂದರಿನಲ್ಲಿ ಕಟ್ಟಿಹಾಕಿರುವಷ್ಟು ಕಾಲ ಈ ಕೊಳೆ ತಳದಲ್ಲಿ ತಣ್ಣಗೆ ಕೂತಿರುತ್ತದೆ. ಹೊರಗೆ ದೊಡ್ಡ ತೆರೆಗೆ ಸಿಕ್ಕಿದ ದಿನ ಟ್ಯಾಂಕ್ ಕಡೆದಂತಾಗಿ ಕೊಳೆಯೆಲ್ಲ ಮೇಲೆದ್ದು ಫಿಲ್ಟರಿಗೆ ನುಗ್ಗುತ್ತದೆ. ಎಂಜಿನ್ ನಿಲ್ಲುವುದು ಸಮುದ್ರ ಕೆಟ್ಟಿದ್ದಾಗಲೇ, ನಿಮಗೆ ಅದು ಎಲ್ಲಕ್ಕಿಂತ ಬೇಕಾದಾಗಲೇ. ಆ ದಂಪತಿಗೆ ಆದದ್ದು ಹೀಗೆ. ಅವರ ದೋಣಿಗೆ ಹಾಯಿ ಇತ್ತು. ಎದ್ದಿದ್ದ ಗಾಳಿಯಲ್ಲಿ ಬಂದರಿನ ಬಾಯಿಗೆ ದೋಣಿಯನ್ನು ತಿರುಗಿಸಿ ತರುವಷ್ಟು ಬಲ ಆ ಹಾಯಿಗಿರಲಿಲ್ಲ. ದಡದ ಹತ್ತಿರವಿದ್ದರು, ಎಳೆಯಲು ಯಾರೋ ಸಿಕ್ಕರು. ಸಾವಿರ ಮೈಲಿ ಆಚೆ ಸಿಗುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಜೋಡಿ ಫಿಲ್ಟರ್ ಇರಬೇಕು, ಎಂಜಿನ್ ಓಡುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಕವಾಟದೊಂದಿಗೆ. ಶುದ್ಧ ಮಾಡಿದ ಡೀಸೆಲ್ಲನ್ನು ಮೊದಲೇ ತುಂಬಿಟ್ಟುಕೊಳ್ಳುವ ಸಣ್ಣ ದಿನದ ಟ್ಯಾಂಕ್ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಟ್ಯಾಂಕಿಗೆ ಕೈ ಹಾಕಿ ತೊಳೆಯುವಷ್ಟು ಅಗಲದ ಮುಚ್ಚಳ ಇದೆಯೇ ಎಂದು ನೋಡಿ. ಎಂಜಿನ್ನಿನ ಸುತ್ತ ಜಾಗ ಎಷ್ಟಿದೆ ಎಂಬುದೂ ಮುಖ್ಯ. ನೋಡಲು ಹೋದಾಗ ನಾನಾದರೆ ಮೊದಲು ಮಂಡಿಯೂರಿ ಕೂತು, ಸಮುದ್ರದ ನೀರನ್ನು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ತನಕ ಕೈ ಹೋಗುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ದಕ್ಕೆಯಲ್ಲಿ ನಿಂತ ದೋಣಿಯಲ್ಲೇ ಕೈ ಎಟುಕದಿದ್ದರೆ, ರಾತ್ರಿ ಹೊಯ್ದಾಡುವ ದೋಣಿಯಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಅದನ್ನು ಬದಲಾಯಿಸುವ ಮಾತೇ ಇಲ್ಲ.

ಈಗ ಹಾಯಿಯ ವಿಚಾರ. ದೋಣಿಯ ಭಾರಕ್ಕೆ ತಕ್ಕಷ್ಟು ಹಾಯಿ ಇದೆಯೇ ಎಂದು ಅಳೆಯಲು ಹಾಯಿಯ ವಿಸ್ತಾರಕ್ಕೂ ದೋಣಿ ಸರಿಸುವ ನೀರಿಗೂ ಇರುವ ಒಂದು ಅನುಪಾತವಿದೆ. ಮಾರಾಟದ ಕಾಗದಗಳಲ್ಲಿ ಅದನ್ನು ಕೊಟ್ಟಿರುತ್ತಾರೆ. ದೂರ ಹೋಗುವ ಒಳ್ಳೆಯ ಹಾಯಿದೋಣಿಗಳಲ್ಲಿ ಅದು 15ರಿಂದ 18ರ ನಡುವೆ ಇರುತ್ತದೆ. ನಮ್ಮ 14 ಟನ್ ದೋಣಿ 15 ಮುಟ್ಟಬೇಕಾದರೆ ಹತ್ತಿರ ಹತ್ತಿರ 85 ಚದರ ಮೀಟರ್ ಹಾಯಿ ಬೇಕು. ಹಳೆಯ ಕಾಲದ ಮೋಟಾರ್‌ಸೇಲರ್‌ಗಳಲ್ಲಿ ಇದು 12ಕ್ಕೂ ಕೆಳಗೆ ಇಳಿದಿರುವುದುಂಟು. ಗಾಳಿ ಜೋರಾಗಿರುವಾಗ ಅವು ಚೆನ್ನಾಗಿಯೇ ಓಡುತ್ತವೆ, ಹತ್ತು ನಾಟ್ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತವೆ. ಆಗ ಮಾಡುವುದೇನು? ಎಂಜಿನ್ ಹಾಕುತ್ತೀರಿ, ಮರುದಿನವೂ ಹಾಕುತ್ತೀರಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ, ಸಿಮೆಂಟು ಹೊತ್ತೊಯ್ಯುವ ಮಂಜಿಗಳನ್ನು ನೋಡಿದವರಿಗೆ ಇದು ಗೊತ್ತು. ಸರ್ಕಾರದ ದಾಖಲೆಯಲ್ಲಿ ಅವು ಇಂದಿಗೂ ‘ಯಾಂತ್ರೀಕೃತ ಹಾಯಿ ಹಡಗು’ಗಳೇ. ಎಂಜಿನ್ ಕೂರಿಸಿದ ಮೇಲೆ ಹಾಯಿಯ ಕೆಲಸ ಮರೆಯುತ್ತಾ ಹೋಯಿತು.

ಹಾಯಿಯನ್ನೇ ಬಿಟ್ಟು ಪೂರ್ತಿ ಮೋಟಾರಿನಲ್ಲೇ ಸಾಗರ ದಾಟಬಹುದು ಎಂದು ವಾದಿಸುವವರೂ ಇದ್ದಾರೆ, ಅವರ ವಾದ ಹಗುರವಾದದ್ದಲ್ಲ. ಅಮೆರಿಕದ ನೌಕಾಪಡೆಯಲ್ಲಿ ಕ್ಯಾಪ್ಟನ್ ಆಗಿದ್ದ ರಾಬರ್ಟ್ ಬೀಬಿ 1963ರಲ್ಲಿ ಸಿಂಗಪುರದಲ್ಲಿ ‘ಪ್ಯಾಸೇಜ್‌ಮೇಕರ್’ ಎಂಬ 50 ಅಡಿ ದೋಣಿ ಕಟ್ಟಿಸಿ, ಅದರಲ್ಲಿ ಸಾಗರಗಳನ್ನು ದಾಟಿ, 1975ರಲ್ಲಿ ‘ವಾಯೇಜಿಂಗ್ ಅಂಡರ್ ಪವರ್’ ಎಂಬ ಪುಸ್ತಕ ಬರೆದರು. ನಿಧಾನವಾಗಿ ಓಡಿಸು, ಟ್ಯಾಂಕ್ ದೊಡ್ಡದಿಡು, ದಿನಕ್ಕಿಷ್ಟೆಂದು ನಿಗದಿಯಾಗಿ ತಲುಪು ಎಂಬುದು ಅವರ ದಾರಿ. ಇಂದಿನ ಸಾಗರಗಾಮಿ ಮೋಟಾರ್ ದೋಣಿಗಳು ಹುಟ್ಟಿದ್ದು ಆ ಯೋಚನೆಯಿಂದ. ಆದರೆ ಅದು ಆ ಕೆಲಸಕ್ಕೆಂದೇ ಬುಡದಿಂದ ಕಟ್ಟಿದ ದೋಣಿ. ಅರ್ಧ ಹಾಯಿಯ ದೋಣಿಯನ್ನು ಕೊಂಡು ಅದರಿಂದ ಬೀಬಿಯವರ ದೋಣಿಯ ಕೆಲಸ ತೆಗೆಯಲು ಹೋಗಬಾರದು. ಹಾಯಿ ಇಲ್ಲದ ದೋಣಿ ಪಕ್ಕದ ತೆರೆಗೆ ಒಂದೇ ಸಮನೆ ಹೊರಳುತ್ತದೆ, ಅದನ್ನು ತಡೆಯಲು ಬೇರೆ ಏರ್ಪಾಡೇ ಬೇಕು. ಮೋಟಾರ್‌ಸೇಲರ್‌ನಲ್ಲಿ ಎಂಜಿನ್ ಓಡುವಾಗಲೂ ಹಿಂದುಮುಂದಿನ ಹಾಯಿಯನ್ನು ಬಿಗಿದು ಕಟ್ಟಿದರೆ ಹೊರಳುವುದು ಬಹಳ ತಗ್ಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಇಬ್ಬರೇ ಇರುವ ದೋಣಿಯಲ್ಲಿ ನಿದ್ದೆ ಎಂದರೆ ಸುರಕ್ಷತೆ.

ವೀಲ್‌ಹೌಸ್ ಬಗ್ಗೆ ನನಗೆ ಅನುಮಾನವೇ ಇಲ್ಲ. ಅರವತ್ತು ದಾಟಿದವರಿಗೆ ಮೋಟಾರ್‌ಸೇಲರ್ ಕೊಡುವ ದೊಡ್ಡ ವರ ಅದು. ರಾತ್ರಿ ಎರಡು ಗಂಟೆಯಿಂದ ಬೆಳಗಿನ ತನಕ ಒಬ್ಬರೇ ಕಾವಲು ಕೂರುವಾಗ, ಮೈ ಒಣಗಿದ್ದರೆ, ಕೈಗೊಂದು ಬಿಸಿ ಲೋಟ ಸಿಕ್ಕರೆ ತಲೆ ಚುರುಕಾಗಿರುತ್ತದೆ. ನೆನೆದು ನಡುಗುವವರ ಕೈಯಲ್ಲಿ ತಪ್ಪು ನಿರ್ಧಾರಗಳು ಆಗುತ್ತವೆ. ಆದರೆ ಆ ಗಾಜುಗಳನ್ನು ತಟ್ಟಿ ನೋಡದೆ ಕೊಳ್ಳಬೇಡಿ. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ ಅವರ ‘ತುರಿಯಾ’ ಹಾಯಿದೋಣಿ ಬಿರುಗಾಳಿಗೆ ಮಗುಚಿ ಕೂವೆ ಮುರಿಯಿತು. ಬೆನ್ನು ಮುರಿದುಕೊಂಡು ಮಲಗಿದ್ದ ಅವರನ್ನು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ‘ಓಸಿರಿಸ್’ ಎತ್ತಿಕೊಂಡಿತು. ಅದು ಭೂಮಿಯ ಅತಿ ಒರಟು ಸಮುದ್ರ. ವಾಣಿಜ್ಯ ಮಾರುತದ ದಾರಿಯಲ್ಲಿ ಋತು ನೋಡಿ ಹೋಗುವವರಿಗೆ ಅಂಥದ್ದು ಎದುರಾಗುವುದು ಅಪರೂಪ. ಆದರೂ ದೋಣಿ ಅಡ್ಡ ಬಿದ್ದಾಗ ನೀರು ಗುದ್ದುವುದು ಮೊದಲು ಆ ದೊಡ್ಡ ಕಿಟಕಿಗಳನ್ನೇ. ಗಾಜು ದಪ್ಪನೆಯ ಗಟ್ಟಿ ಗಾಜಾಗಿರಬೇಕು, ಚೌಕಟ್ಟು ಬೋಲ್ಟಿನಿಂದ ಬಿಗಿದಿರಬೇಕು, ಹೊರಗಿನಿಂದ ಮುಚ್ಚುವ ಹಲಗೆಗಳು ಅಳತೆಗೆ ಕೊಯ್ದು ದೋಣಿಯಲ್ಲೇ ಇರಬೇಕು.

ದೋಣಿ ಎಷ್ಟು ಓರೆಯಾದರೂ ಮರಳಿ ಏಳುತ್ತದೆ ಎಂಬ ಕೋನವನ್ನು ಕೇಳಿ ತಿಳಿದುಕೊಳ್ಳಿ. 120 ಡಿಗ್ರಿಗೆ ಕಡಿಮೆ ಇದ್ದರೆ ನಾನು ಸಾಗರಕ್ಕೆ ಒಯ್ಯುವುದಿಲ್ಲ. ವೀಲ್‌ಹೌಸಿನ ಮೇಲೆ ಸೋಲಾರ್ ಹಲಗೆ, ಸಣ್ಣ ದೋಣಿ, ಡೀಸೆಲ್ ಕ್ಯಾನುಗಳನ್ನು ಹೇರುತ್ತಾ ಹೋದಂತೆ ಆ ಕೋನ ಕುಗ್ಗುತ್ತದೆ. ಯುರೋಪಿನಲ್ಲಿ ‘ಎ’ ದರ್ಜೆ ಎಂದರೆ ಬ್ಯೂಫೋರ್ಟ್ ಮಾಪಕದ ಎಂಟನ್ನು ಮೀರಿದ ಗಾಳಿ ಮತ್ತು ನಾಲ್ಕು ಮೀಟರ್ ದಾಟಿದ ಅಲೆಗೆ ವಿನ್ಯಾಸವಾದ ದೋಣಿ. 1998ರ ಜೂನ್‌ನಿಂದ ದೋಣಿಗೆ ಯಾವ ದರ್ಜೆ ಎಂದು ನಮೂದಿಸುವುದು ಅಲ್ಲಿ ಕಡ್ಡಾಯ. ಅದಕ್ಕೂ ಹಿಂದಿನ ದೋಣಿಗಳಿಗೆ ಆ ಮುದ್ರೆ ಇಲ್ಲದಿರಬಹುದು, ಅಷ್ಟಕ್ಕೇ ಅವನ್ನು ತಳ್ಳಿಹಾಕಬೇಕಿಲ್ಲ.

ಇನ್ನೆರಡು ಸಣ್ಣ ಸಂಗತಿಗಳು. ಪ್ರೊಪೆಲ್ಲರ್, ಅಂದರೆ ನಮ್ಮ ಮಲ್ಪೆಯ ಬೋಟಿನವರು ಹೇಳುವ ಫ್ಯಾನ್, ಮೂರು ರೆಕ್ಕೆಯ ಸ್ಥಿರ ಮಾದರಿಯದ್ದಾದರೆ ಹಾಯಿಯಲ್ಲಿ ಹೋಗುವಾಗ ನೀರನ್ನು ತಡೆದು ವೇಗ ಕೆಡಿಸುತ್ತದೆ. ರೆಕ್ಕೆಗಳು ನೀರಿನ ಹರಿವಿಗೆ ಒಗ್ಗಿ ತಿರುಗಿಕೊಳ್ಳುವ ಮಾದರಿಗೆ ಹಣ ಹಾಕಿದರೆ ಆ ಹಣ ಪ್ರತಿದಿನ ಮರಳಿ ಬರುತ್ತದೆ. ಎರಡನೆಯದು ಚುಕ್ಕಾಣಿ. ಒಳಗೂ ಹೊರಗೂ ಚಕ್ರವಿರುವ ದೋಣಿಗಳಲ್ಲಿ ಹೆಚ್ಚಾಗಿ ಹೈಡ್ರಾಲಿಕ್ ಏರ್ಪಾಡಿರುತ್ತದೆ. ಗಾಳಿಯ ಬಲದಿಂದಲೇ ದಿಕ್ಕು ಹಿಡಿಯುವ ಉಪಕರಣ ಅದರ ಜೊತೆ ಸರಿಯಾಗಿ ಕೆಲಸ ಮಾಡುವುದಿಲ್ಲ. ವಿದ್ಯುತ್ತಿನ ಆಟೋಪೈಲಟ್ ಮೇಲೆಯೇ ನಿಲ್ಲಬೇಕಾದ್ದರಿಂದ ಎರಡನೆಯದೊಂದು ಜೊತೆಗಿರಲಿ. ಅದೂ ಹೋದರೆ ನೇರವಾಗಿ ಚುಕ್ಕಾಣಿಗೆ ತೊಡಿಸುವ ಹಿಡಿ ಎಲ್ಲಿದೆ ಎಂದು ಕೊಳ್ಳುವ ದಿನವೇ ನೋಡಿಕೊಳ್ಳಿ.

ಹೆಸರು ಹೇಳಿ ಎಂದು ಪಟ್ಟು ಹಿಡಿಯುವವರಿಗೆ ನನ್ನ ಮಾತು ಹೀಗಿದೆ. ಇಂಗ್ಲೆಂಡಿನ ಫಿಶರ್ ದೋಣಿಗಳನ್ನು ಉತ್ತರ ಸಮುದ್ರದ ಮೀನುದೋಣಿಗಳ ಮಾದರಿಯಲ್ಲಿ ಕಟ್ಟಿದ್ದಾರೆ. ಫಿಶರ್ 37 ಸುಮಾರು 14 ಟನ್. ಎಂಥ ಹವೆಯಲ್ಲೂ ಧೈರ್ಯ ಕೊಡುವ ಒಡಲು, ಆದರೆ ಮೆಲುಗಾಳಿಯಲ್ಲಿ ಸೋಮಾರಿ. ಸ್ಕಾಟ್ಲೆಂಡ್, ನಾರ್ವೆ ಕಡೆ ಸುತ್ತುವವರಿಗೆ ಅದನ್ನು ಕಣ್ಣುಮುಚ್ಚಿ ಹೇಳುತ್ತೇನೆ, ಪೆಸಿಫಿಕ್ಕಿಗೆ ಹೇಳುವುದಿಲ್ಲ. ಫಿನ್‌ಲೆಂಡಿನ ನಾಟಿಕ್ಯಾಟ್ 33 ಸಾವಿರಕ್ಕೂ ಹೆಚ್ಚು ತಯಾರಾದ ಮಾದರಿ, ಬಿಡಿಭಾಗ, ಸಲಹೆ ಎರಡೂ ಸುಲಭವಾಗಿ ಸಿಗುತ್ತವೆ, ಆದರೆ ಅದು ಕೂಡ ಮೋಟಾರಿನ ಕಡೆಗೇ ವಾಲಿದ್ದು. ಅದೇ ಕಾರ್ಖಾನೆಯ ಮುಂದಿನ ದೊಡ್ಡ ಮಾದರಿಗಳು, ಸ್ಪಾರ್ಕ್‌ಮನ್ ಅಂಡ್ ಸ್ಟೀಫನ್ಸ್ ವಿನ್ಯಾಸ ಮಾಡಿದ ನಾಟಿಕ್ಯಾಟ್ 43ರಂಥವು, ವೀಲ್‌ಹೌಸನ್ನು ಉಳಿಸಿಕೊಂಡೇ ನಿಜವಾದ ಹಾಯಿದೋಣಿಗಳಾಗಿವೆ. ಸಾಗರ ದಾಟುವ ದಂಪತಿಗೆ ನಾನು ಸೂಚಿಸುವುದು ಈ ಜಾತಿಯ ದೋಣಿ: 40ರಿಂದ 45 ಅಡಿ, ಎರಡು ಕೂವೆಯ ಕೆಚ್, ಒಬ್ಬರೇ ಸುತ್ತಿಡಬಲ್ಲಷ್ಟು ಸಣ್ಣ ಸಣ್ಣ ಹಾಯಿಗಳು, 600 ಲೀಟರ್‌ಗೆ ಕಡಿಮೆಯಿಲ್ಲದ ಟ್ಯಾಂಕ್.

ಯಾವುದೇ ದೋಣಿ ಇಷ್ಟವಾದರೂ ಮುಂಗಡ ಕೊಡುವ ಮೊದಲು ಮಾರುವವರಲ್ಲಿ ಅರ್ಧ ದಿನ ಕೇಳಿ. ಹತ್ತು ಹನ್ನೆರಡು ನಾಟ್ ಗಾಳಿ ಇರುವ ದಿನ ಬಂದರಿನಿಂದ ಹೊರಗೆ ಹೋಗಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಗಾಳಿ ಬರುವ ದಿಕ್ಕಿನಲ್ಲಿ ಕಾಣುವ ಒಂದು ಗುರುತಿನ ಬೋಯ್ ಆರಿಸಿ, ಎಡಕ್ಕೂ ಬಲಕ್ಕೂ ತಿರುವುತ್ತಾ ಅದರ ಬಳಿಗೆ ಹೋಗಲು ನೋಡಿ. ಎರಡು ಗಂಟೆಯಲ್ಲಿ ದೋಣಿ ಅದರತ್ತ ಒಂದಿಷ್ಟಾದರೂ ಏರಿದ್ದರೆ ಬೆಲೆಯ ಮಾತಿಗೆ ಕೂರಿ. ಏರದಿದ್ದರೆ, ಅಥವಾ ಮಾರುವವರು ಈ ಪರೀಕ್ಷೆಗೇ ಒಪ್ಪದಿದ್ದರೆ, ವೀಲ್‌ಹೌಸ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಟ್ಟು ಮುಂದಿನ ದೋಣಿಯನ್ನು ನೋಡಿ.